ಹುಟ್ಟುಪ್ರತಿಭೆಯ ವಾದವೂ ನಟನ ತಯಾರಿಯೂ

ನಟನೆಯನ್ನೇ ಬದುಕು ಮಾಡಿಕೊಳ್ಳಲು ಹೊರಟ ಹುಡುಗ ಹುಡುಗಿಯರಿಗೆ ನಮ್ಮಲ್ಲಿ ಮೊದಲು ಸಿಗುವ ಮಾತು ಒಂದೇ: ಅದು ಹುಟ್ಟಿನಿಂದ ಬರಬೇಕು, ಕಲಿಸಿದರೆ ಬರುವ ವಿದ್ಯೆಯಲ್ಲ. ಮನೆಯ ಹಿರಿಯರು ಹೀಗೆನ್ನುತ್ತಾರೆ, ಚಿತ್ರರಂಗದಲ್ಲಿ ಪಳಗಿದವರೂ ಹೀಗೆನ್ನುತ್ತಾರೆ, ಸನ್ಮಾನದ ವೇದಿಕೆಗಳಲ್ಲಿ ಕಲಾವಿದರನ್ನು ಹೊಗಳುವವರು ಇದನ್ನೇ ದೊಡ್ಡ ಪ್ರಶಂಸೆಯೆಂದು ಆಡುತ್ತಾರೆ. ಈ ನಂಬಿಕೆಯನ್ನು ಪರೀಕ್ಷಿಸುವ ಮೊದಲು ಅದಕ್ಕೆ ಸಲ್ಲಬೇಕಾದ ಬಲವನ್ನೆಲ್ಲ ಸಲ್ಲಿಸಬೇಕು. ಅದರ ಬೆನ್ನಿಗೆ ಮೂರು ಅನುಭವಗಳಿವೆ. ಕನ್ನಡಿಗರು ಅತಿ ಹೆಚ್ಚು ಪ್ರೀತಿಸಿದ ನಟ ರಾಜ್‌ಕುಮಾರ್ ಯಾವ ಅಭಿನಯ ಶಾಲೆಯ ಪ್ರಮಾಣಪತ್ರವನ್ನೂ ಹಿಡಿದು ಬಂದವರಲ್ಲ. ಶಾಲೆಯ ಓದೇ ಅವರಿಗೆ ಕೆಲವು ತರಗತಿಗಳಷ್ಟಕ್ಕೆ ನಿಂತಿತ್ತು. ಎರಡನೆಯದು, ಹೆಸರಾಂತ ಸಂಸ್ಥೆಗಳಲ್ಲಿ ಕಲಿತೂ ನಟನೆಯಿಂದ ಹೊಟ್ಟೆ ಹೊರೆಯಲಾಗದವರು ನಮ್ಮ ಸುತ್ತ ಬಹಳ ಮಂದಿ ಇದ್ದಾರೆ. ಮೂರನೆಯದು ಇನ್ನೂ ಗಟ್ಟಿಯಾದದ್ದು: ಒಂದೇ ಗುರುವಿನ ಕೈಯಲ್ಲಿ ಒಂದೇ ಪಾಠ ಕಲಿತ ಹತ್ತು ಜನರಲ್ಲಿ ಒಬ್ಬರು ರಂಗಕ್ಕೆ ಬಂದೊಡನೆ ನಮ್ಮ ಕಣ್ಣು ಅವರಲ್ಲೇ ನೆಡುತ್ತದೆ, ಉಳಿದವರ ಮೇಲೆ ನಿಲ್ಲುವುದಿಲ್ಲ. ಈ ಮೂರೂ ನಿಜ. ಆದರೆ ಇವುಗಳಿಂದ ಹೊರಡಿಸುವ ತೀರ್ಮಾನ ಗೊಂದಲದ್ದು, ಮತ್ತು ಆ ಗೊಂದಲದ ಬೆಲೆಯನ್ನು ತೆರುತ್ತಿರುವವರು ಹದಿನೆಂಟು ಇಪ್ಪತ್ತರ ಮಕ್ಕಳು.

ರಾಜ್‌ಕುಮಾರ್ ಅವರಿಂದಲೇ ಶುರುಮಾಡೋಣ, ಏಕೆಂದರೆ ವಾದದ ಮುಖ್ಯ ಕಂಬ ಅದು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ ಬಾಲ್ಯದಲ್ಲೇ ತಂದೆಯೊಡನೆ ಗುಬ್ಬಿ ವೀರಣ್ಣನವರ ಕಂಪನಿ ಸೇರಿದರು. ‘ಬೇಡರ ಕಣ್ಣಪ್ಪ’ ತೆರೆಗೆ ಬಂದದ್ದು 1954ರಲ್ಲಿ, ಅವರಿಗೆ 25 ತುಂಬಿದಾಗ. ನಡುವಿನ ಆ ವರ್ಷಗಳಲ್ಲಿ ಅವರು ಮಾಡಿದ್ದೇನು? ಕಂಪನಿಯ ನಾಟಕದಲ್ಲಿ ಸಣ್ಣ ಪಾರ್ಟಿನಿಂದ ಆರಂಭಿಸಿ ಮೇಲೇರಿದ್ದು, ಸಾವಿರಾರು ಜನರೆದುರು ಪದೇ ಪದೇ ನಿಂತದ್ದು, ಹಾಡನ್ನೂ ಮಾತನ್ನೂ ಹಿಂದಿನ ಸಾಲಿನವರೆಗೆ ಮುಟ್ಟಿಸುವುದನ್ನು ರೂಢಿಸಿಕೊಂಡದ್ದು, ಪಕ್ಕದ ಪರದೆಯ ಮರೆಯಲ್ಲಿ ನಿಂತು ಹಿರಿಯ ನಟರನ್ನು ರಾತ್ರಿಗಟ್ಟಲೆ ನೋಡಿದ್ದು. ಇಂದಿನ ಯಾವ ರಂಗಶಾಲೆಯೂ ವಿದ್ಯಾರ್ಥಿಗೆ ಇಷ್ಟು ದೀರ್ಘ ತಾಲೀಮು ಕೊಡುವ ಸ್ಥಿತಿಯಲ್ಲಿಲ್ಲ. ಅದೇ ಚಿತ್ರದಲ್ಲಿದ್ದ ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡ ಕಂಪನಿಯ ಅಂಗಳದಿಂದಲೇ ಬಂದವರು. ಇನ್ನೊಂದು ಸಂಗತಿಯೂ ಗಮನಾರ್ಹ: ಐವತ್ತರ ಹತ್ತಿರ ಬಂದಾಗ, ಜನ ತಮ್ಮನ್ನು ಪೂಜಿಸುತ್ತಿದ್ದ ಹೊತ್ತಿನಲ್ಲಿ, ಅವರು ಗುರುವೊಬ್ಬರ ಬಳಿ ಕ್ರಮವಾಗಿ ಯೋಗ ಕಲಿತರು, 1983ರ ‘ಕಾಮನ ಬಿಲ್ಲು’ ಚಿತ್ರದಲ್ಲಿ ಆ ಸಾಧನೆ ಕಣ್ಣಿಗೆ ಕಾಣುತ್ತದೆ. ಇಂಥವರನ್ನು ಕಲಿಯದೆ ಬಂದ ನಟರ ಸಾಲಿಗೆ ಸೇರಿಸುವುದು ಅವರ ದುಡಿಮೆಗೆ ಮಾಡುವ ಅನ್ಯಾಯ. ಇಲ್ಲಿರುವ ತಪ್ಪು ಸರಳವಾದದ್ದು: ಪ್ರಮಾಣಪತ್ರವಿಲ್ಲದ ಕಲಿಕೆಯನ್ನು ಕಲಿಕೆಯೇ ಅಲ್ಲವೆಂದು ಎಣಿಸುವುದು.

ನಮ್ಮ ಪರಂಪರೆ ಈ ತಪ್ಪನ್ನು ಮಾಡಿರಲಿಲ್ಲ ಎಂಬುದನ್ನೂ ಹೇಳಬೇಕು. ಯಕ್ಷಗಾನದ ಮೇಳದಲ್ಲಿ ಹೊಸ ಹುಡುಗನನ್ನು ಯಾರೂ ನೇರವಾಗಿ ಅರ್ಜುನನ ವೇಷಕ್ಕೆ ಕೂರಿಸುವುದಿಲ್ಲ. ಅವನು ಕೋಡಂಗಿಯಾಗಿ ಕುಣಿಯಬೇಕು, ಬಾಲಗೋಪಾಲನಾಗಬೇಕು, ಸ್ತ್ರೀವೇಷವೋ ಪುಂಡುವೇಷವೋ ಮಾಡಿ ಹೆಜ್ಜೆ ಗಟ್ಟಿಮಾಡಿಕೊಳ್ಳಬೇಕು. ಚೌಕಿಯಲ್ಲಿ ಕೂತು ಮುಖವರ್ಣಿಕೆ ಕಲಿಯಬೇಕು. ಭಾಗವತರ ಪದಕ್ಕೆ ಅರ್ಥ ಹೇಳುವಷ್ಟು ಪ್ರಸಂಗಜ್ಞಾನ ಸಂಪಾದಿಸಬೇಕು. ಇದು ಬರೆದಿಡದ ಪಠ್ಯಕ್ರಮ, ಆದರೆ ಪಠ್ಯಕ್ರಮವೇ. ನಾಟ್ಯಶಾಸ್ತ್ರವಂತೂ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕವೆಂದು ವಿಂಗಡಿಸಿ ಕಣ್ಣು, ಹುಬ್ಬು, ಕುತ್ತಿಗೆಗಳ ಚಲನೆಯನ್ನೂ ಒಂದೊಂದಾಗಿ ವಿವರಿಸುತ್ತದೆ. ಹುಟ್ಟಿನಿಂದಷ್ಟೇ ಬರುವುದೆಂದು ನಂಬಿದವರು ಅಂಥ ಗ್ರಂಥ ಕಟ್ಟುವ ಶ್ರಮಕ್ಕೆ ಇಳಿಯುತ್ತಿರಲಿಲ್ಲ. ರಕ್ತದಲ್ಲೇ ಕಲೆ ಇದೆ ಎಂದು ಯಾರನ್ನಾದರೂ ಹೇಳಬಹುದಾದರೆ ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರನ್ನು ಹೇಳಬಹುದು, ಕೆರೆಮನೆ ಶಿವರಾಮ ಹೆಗಡೆಯವರ ಮಗ ಶಂಭು ಹೆಗಡೆಯವರನ್ನು ಹೇಳಬಹುದು. ಜಯಶ್ರೀ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ ಕಲಿತರು. ಶಂಭು ಹೆಗಡೆ ಅದೇ ದೆಹಲಿಯಲ್ಲಿ ಮಾಯಾ ರಾವ್ ಅವರಲ್ಲಿ ನೃತ್ಯ ಸಂಯೋಜನೆ ಅಭ್ಯಾಸ ಮಾಡಿ, ಹಿಂದಿರುಗಿ, ತಾವೇ ಒಂದು ಕಲಿಕೆಯ ಕೇಂದ್ರವನ್ನು ಕಟ್ಟಿದರು. ಮನೆಯಲ್ಲೇ ಎಲ್ಲವೂ ಇದ್ದವರು ಮನೆಯ ಹೊರಗೆ ಇನ್ನಷ್ಟನ್ನು ಅರಸಿಕೊಂಡು ಹೋದರು.

ರಕ್ತದ ಮಾತು ಬಂದಾಗ ಚಿತ್ರರಂಗದ ಮನೆತನಗಳನ್ನು ಎತ್ತಿ ತೋರಿಸುವುದುಂಟು. ನಟರ ಮಕ್ಕಳು ಚೆನ್ನಾಗಿ ನಟಿಸಿದಾಗ ಅದನ್ನು ಹುಟ್ಟಿನ ಸಾಕ್ಷಿಯೆಂದು ಓದುತ್ತೇವೆ. ಆದರೆ ಮಗು ಹೆತ್ತವರಿಂದ ಪಡೆಯುವುದು ರಕ್ತವನ್ನಷ್ಟೇ ಅಲ್ಲ, ಮನೆಯನ್ನೂ. ರಾಜ್‌ಕುಮಾರ್ ಅವರ ಮಗ ಪುನೀತ್ ಕೈಗೂಸಾಗಿದ್ದಾಗಲೇ 1976ರ ‘ಪ್ರೇಮದ ಕಾಣಿಕೆ’ಯಲ್ಲಿ ಕ್ಯಾಮೆರಾದ ಮುಂದಿದ್ದರು, 1985ರ ‘ಬೆಟ್ಟದ ಹೂವು’ ಅವರಿಗೆ ಬಾಲನಟನ ರಾಷ್ಟ್ರಪ್ರಶಸ್ತಿ ತಂದಿತು, ನಾಯಕನಾಗಿ ‘ಅಪ್ಪು’ ಬಂದದ್ದು 2002ರಲ್ಲಿ. ಚಿತ್ರೀಕರಣದ ನಡುವೆಯೇ ಬೆಳೆದವರಿಗೆ ಲೈಟಿನ ಬಿಸಿ, ಜನರ ನೋಟ, ಮತ್ತೆ ಮತ್ತೆ ಟೇಕ್ ಕೊಡುವ ಬೇಸರ ಇವೆಲ್ಲ ಮನೆಯ ಗೋಡೆಯಷ್ಟು ಪರಿಚಿತವಾಗಿರುತ್ತವೆ. ಅದರಲ್ಲಿ ರಕ್ತದ ಪಾಲೆಷ್ಟು, ಒಡನಾಟದ ಪಾಲೆಷ್ಟು ಎಂದು ಬೇರ್ಪಡಿಸಲು ನಮ್ಮ ಬಳಿ ಯಾವ ದಾರಿಯೂ ಇಲ್ಲ. ಬೇರ್ಪಡಿಸಲಾಗದ್ದನ್ನು ಪೂರ್ತಿಯಾಗಿ ರಕ್ತದ ಲೆಕ್ಕಕ್ಕೆ ಬರೆಯುವುದು ತರ್ಕವಲ್ಲ.

ಇಲ್ಲಿ ಎದುರಾಳಿ ಬೇರೊಂದು ಬಗೆಯ ಉದಾಹರಣೆ ತರಬಹುದು. ಮಂಡ್ಯದ ನೊದೆಕೊಪ್ಪಲಿನ ಹಳ್ಳಿಗರು ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ ನಟಿಸಿದರು, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವ ಆ ಚಿತ್ರವನ್ನು ಗೌರವಿಸಿತು. ಅವರಿಗೆ ಕಂಪನಿಯೂ ಇರಲಿಲ್ಲ, ಶಾಲೆಯೂ ಇರಲಿಲ್ಲ. ಅವರ ಅಭಿನಯ ಅದ್ಭುತವಾಗಿತ್ತು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಆ ಚಿತ್ರ ಅವರಿಂದ ಕೇಳಿದ್ದೇನು ಎಂದು ನೋಡಬೇಕು. ಅವರ ಊರು, ಅವರ ನುಡಿ, ಅವರ ನಡಿಗೆಗಳ ಸುತ್ತಲೇ ಚಿತ್ರ ಹೆಣೆದುಕೊಂಡಿತ್ತು. ಪಾತ್ರವೇ ಮನುಷ್ಯರ ಹತ್ತಿರಕ್ಕೆ ಬಂದಿತ್ತು. ವೃತ್ತಿನಟನ ಕೆಲಸ ಇದಕ್ಕೆ ತಿರುಗುಮುರುಗು: ತನ್ನದಲ್ಲದ ಊರಿಗೆ, ತನ್ನದಲ್ಲದ ವಯಸ್ಸಿಗೆ, ತನ್ನದಲ್ಲದ ಸಿಟ್ಟಿಗೆ ಅವನೇ ನಡೆದು ಹೋಗಬೇಕು, ಮುಂದಿನ ತಿಂಗಳು ಇನ್ನೊಂದು ಕಡೆಗೆ. ಒಂದು ಪಾತ್ರವನ್ನು ಚೆನ್ನಾಗಿ ಮಾಡುವುದಕ್ಕೂ ನಟನೆಯನ್ನು ವೃತ್ತಿಯಾಗಿ ನಡೆಸುವುದಕ್ಕೂ ಇರುವ ಅಂತರ ಇದೇ. ಹೊಸಬರಿಂದ ಕೆಲಸ ತೆಗೆಸುವ ಚಿತ್ರಗಳಲ್ಲಿ ತಾಲೀಮಿನ ಹೊರೆ ಮಾಯವಾಗುವುದಿಲ್ಲ. ನಟನ ಹೆಗಲಿನಿಂದ ನಿರ್ದೇಶಕನ ಹೆಗಲಿಗೆ ಜಾರುತ್ತದೆ. 1972ರ ‘ನಾಗರಹಾವು’ ಚಿತ್ರದಲ್ಲಿ ಹೊಸ ಮುಖಗಳನ್ನು ತಿದ್ದಿ ತೀಡಿ ನಿಲ್ಲಿಸಿದ ಪುಟ್ಟಣ್ಣ ಕಣಗಾಲ್ ಆ ಹೊರೆಯನ್ನು ಹೊತ್ತವರಲ್ಲಿ ದೊಡ್ಡವರು. ಇನ್ನು, ತರಬೇತಿಯಿಲ್ಲದವರ ಚಿತ್ರವೆಂದು ಲೋಕವೆಲ್ಲ ನೆನೆಯುವ ‘ಪಥೇರ್ ಪಾಂಚಾಲಿ’ಯಲ್ಲಿ ಮರೆಯಲಾಗದ ಆ ಮುದುಕಿ ಇಂದಿರ್ ಠಾಕ್ರುಣ್ ಆಗಿ ಕಾಣಿಸಿಕೊಂಡ ಚುನಿಬಾಲಾ ದೇವಿ ಕಲ್ಕತ್ತೆಯ ರಂಗಭೂಮಿಯ ಹಳೆಯ ನಟಿ. ತಾಲೀಮು ಅಲ್ಲಿಯೂ ಇತ್ತು, ಕಣ್ಣಿಗೆ ಬೀಳಲಿಲ್ಲ ಅಷ್ಟೆ.

ಕಣ್ಣಿಗೆ ಬೀಳದಿರುವುದೇ ಈ ನಂಬಿಕೆಯ ಬೇರು ಎಂದು ನನಗನ್ನಿಸುತ್ತದೆ. ಸಂಗೀತದ ಬಗ್ಗೆ ನಾವು ಹೀಗೆ ಯೋಚಿಸುವುದಿಲ್ಲ. ಭೀಮಸೇನ ಜೋಶಿಯವರ ಕಂಠ ದೈವದತ್ತವೆಂದು ಹೇಳುವವರೇ, ಅವರು ಎಳೆಯ ವಯಸ್ಸಿನಲ್ಲಿ ಗುರುವನ್ನು ಹುಡುಕಿ ಮನೆಬಿಟ್ಟು ಹೋದದ್ದನ್ನೂ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ವರ್ಷಗಟ್ಟಲೆ ಸೇವೆ ಮಾಡಿ ಕಲಿತದ್ದನ್ನೂ ಭಕ್ತಿಯಿಂದ ನೆನೆಯುತ್ತಾರೆ. ಕಂಠವಿದೆ, ಆದ್ದರಿಂದ ರಿಯಾಜ್ ಬೇಡ ಎಂದು ಯಾರೂ ವಾದಿಸುವುದಿಲ್ಲ. ನಟನೆಗೆ ಮಾತ್ರ ಬೇರೆ ನ್ಯಾಯ ಏಕೆ? ತಾನಪಲುಕುಗಳು ನಮ್ಮಲ್ಲಿಲ್ಲವೆಂದು ಪ್ರತಿಯೊಬ್ಬರಿಗೂ ಗೊತ್ತು. ನಟನ ಸಾಮಗ್ರಿಯಾದರೋ ನಡೆಯುವುದು, ಮಾತಾಡುವುದು, ಅಳುವುದು, ಸುಮ್ಮನಿರುವುದು. ಇವು ಎಲ್ಲರ ಬಳಿಯೂ ಇವೆ. ಆದ್ದರಿಂದ ನಟ ಹೆಚ್ಚೇನನ್ನೂ ಕಲಿಯಬೇಕಿಲ್ಲವೆಂದು ತೋರುತ್ತದೆ. ಅವನು ಎಷ್ಟು ಚೆನ್ನಾಗಿ ಕಲಿತಿದ್ದರೆ ಅಷ್ಟು ಕಲಿಯದವನಂತೆ ಕಾಣುತ್ತಾನೆ. ಸಹಜತೆ ಎಂಬ ಫಲವನ್ನು ನಾವು ಬೀಜವೆಂದು ಭ್ರಮಿಸುತ್ತೇವೆ. ಕ್ಯಾಮೆರಾದ ಮುಂದಿನ ಸಹಜತೆಯನ್ನೇ ಬಿಡಿಸಿ ನೋಡಿ. ಕತೆಯ ಕೊನೆಯ ದೃಶ್ಯವನ್ನು ಮೊದಲ ದಿನ ಚಿತ್ರಿಸಬಹುದು. ನೆಲದ ಮೇಲಿನ ಗುರುತನ್ನು ಕಣ್ಣಿಂದ ನೋಡದೆ ಸರಿಯಾಗಿ ಅದರ ಮೇಲೆ ಬಂದು ನಿಲ್ಲಬೇಕು. ವೈಡ್ ಶಾಟಿನಲ್ಲಿ ಯಾವ ಮಾತಿಗೆ ಲೋಟ ಎತ್ತಿದ್ದೆವೋ ಒಂದು ಗಂಟೆಯ ನಂತರದ ಕ್ಲೋಸಪ್ಪಿನಲ್ಲೂ ಅದೇ ಮಾತಿಗೆ, ಅದೇ ಕೈಯಿಂದ ಎತ್ತಬೇಕು. ಎದುರಿನ ನಟ ಹೊರಟುಹೋಗಿರಬಹುದು, ಖಾಲಿ ಜಾಗವನ್ನು ನೋಡಿ ಪ್ರೇಮ ನಿವೇದಿಸಬೇಕು. ತಿಂಗಳುಗಳ ನಂತರ ಡಬ್ಬಿಂಗ್ ಕೋಣೆಯಲ್ಲಿ ಒಬ್ಬನೇ ನಿಂತು ಅದೇ ಉಸಿರಿನ ಏರಿಳಿತವನ್ನು ಮತ್ತೆ ತರಬೇಕು. ಇವುಗಳಲ್ಲಿ ಒಂದೂ ತಾಯಿಯ ಗರ್ಭದಿಂದ ಬರುವುದಿಲ್ಲ.

ರಂಗಭೂಮಿಯ ಕಷ್ಟ ಇನ್ನೊಂದು ಬಗೆಯದು. ಅಲ್ಲಿ ಪ್ರತಿಭೆಯ ನಿಜವಾದ ಪರೀಕ್ಷೆ ನಲವತ್ತನೆಯ ಪ್ರಯೋಗದಲ್ಲಿ. ಮೊದಲ ದಿನ ತಾನಾಗಿ ಉಕ್ಕಿದ ಕಣ್ಣೀರು ನಲವತ್ತನೆಯ ಸಂಜೆ ಆರೂವರೆಗೆ ಕರೆದರೆ ಬರಬೇಕೆಂಬ ನಿಯಮವಿಲ್ಲ. ರಷ್ಯದ ಸ್ತಾನಿಸ್ಲಾವ್‌ಸ್ಕಿ ತಮ್ಮ ಪದ್ಧತಿಯ ಹುಡುಕಾಟಕ್ಕೆ ಇಳಿದದ್ದು ಈ ಕಾರಣಕ್ಕೇ. 1906ರ ಬೇಸಿಗೆಯಲ್ಲಿ ಫಿನ್‌ಲೆಂಡಿನಲ್ಲಿ ವಿಶ್ರಾಂತಿಯಲ್ಲಿದ್ದಾಗ, ಇಬ್ಸೆನ್ನನ ಡಾಕ್ಟರ್ ಸ್ಟಾಕ್‌ಮನ್‌ನಂಥ ತಮ್ಮ ಅತಿ ಮೆಚ್ಚಿನ ಪಾತ್ರವೂ ಒಳಗಿನಿಂದ ಬತ್ತಿಹೋಗಿ ಹೊರಗಿನ ಚೇಷ್ಟೆಗಳಷ್ಟೇ ಉಳಿದಿರುವುದನ್ನು ಅವರು ಕಂಡುಕೊಂಡರು. ಆಗ ಅವರು ಹೊಸಬರಲ್ಲ, ಯುರೋಪು ಮೆಚ್ಚಿದ ನಟ. ಅವರಿಗೆ ಪ್ರತಿಭೆಯ ಕೊರತೆ ಇರಲಿಲ್ಲ. ಪ್ರತಿಭೆಯನ್ನು ಬೇಕೆಂದಾಗ ಕರೆತರುವ ದಾರಿ ತಿಳಿದಿರಲಿಲ್ಲ. ಹುಟ್ಟುಪ್ರತಿಭೆಯ ವಾದಕ್ಕೆ ಈ ಪ್ರಶ್ನೆಗೆ ಉತ್ತರವಿಲ್ಲ, ಏಕೆಂದರೆ ಅದು ಪ್ರತಿಭೆಯನ್ನು ಒಮ್ಮೆ ದೊರೆತರೆ ಸದಾ ಕೈಯಲ್ಲಿರುವ ಆಸ್ತಿಯೆಂದು ಭಾವಿಸುತ್ತದೆ.

ಹಾಗಾದರೆ ಹುಟ್ಟಿನ ವ್ಯತ್ಯಾಸವೇ ಇಲ್ಲವೆ? ಇದೆ. ಇಲ್ಲವೆನ್ನುವವರು ತರಗತಿಯಲ್ಲಿ ಒಂದು ವಾರವೂ ಕೂತಿರಲಾರರು. ಕೆಲವರ ಕಿವಿ ಬೇರೆಯವರ ಮಾತಿನ ಲಯವನ್ನು ಒಮ್ಮೆಗೇ ಹಿಡಿಯುತ್ತದೆ, ಕೆಲವರ ಮೈ ಯೋಚನೆಗಿಂತ ಬೇಗ ಸ್ಪಂದಿಸುತ್ತದೆ, ಕೆಲವರಿಗೆ ಜನರೆದುರು ನಿಂತಾಗ ಉಸಿರು ಕಟ್ಟುವ ಬದಲು ತೆರೆಯುತ್ತದೆ. ಒಂದೇ ಪಾಠ ಕಲಿತ ಹತ್ತು ಜನರಲ್ಲಿ ಒಬ್ಬರ ಮೇಲೆ ಮಾತ್ರ ಕಣ್ಣು ನೆಡುವುದಕ್ಕೆ ಇದು ಕಾರಣವಿರಬಹುದು. ಆದರೆ ಆ ಅನುಭವ ಸಾಬೀತು ಮಾಡುವುದು ಇಷ್ಟನ್ನೇ: ಸಮಾನ ಕಲಿಕೆಯ ಮೇಲೆ ಹುಟ್ಟುಗುಣದ ವ್ಯತ್ಯಾಸ ಎದ್ದು ಕಾಣುತ್ತದೆ. ಕಲಿಕೆ ಬೇಡವೆಂದು ಸಾಬೀತು ಮಾಡಲು ಕಲಿಯದ ಆ ಒಬ್ಬರನ್ನು ತಂದು ತೋರಿಸಬೇಕು, ಅಂಥವರು ಆ ತರಗತಿಯಲ್ಲಿ ಇಲ್ಲ. ತಬರನಾಗಿ ರಾಷ್ಟ್ರಪ್ರಶಸ್ತಿ ಪಡೆದ ಚಾರುಹಾಸನ್ ವಕೀಲರಾಗಿದ್ದವರು, ಮಧ್ಯವಯಸ್ಸಿನಲ್ಲಿ ನಟನೆಗೆ ಬಂದವರು ಎಂದು ಯಾರಾದರೂ ನೆನಪಿಸಬಹುದು. ಆ ಉದಾಹರಣೆಯನ್ನು ನಾನು ಗೌರವಿಸುತ್ತೇನೆ. ಆದರೆ ‘ತಬರನ ಕಥೆ’ಗೆ ಬರುವ ಮುನ್ನ ಅವರು ಹಲವು ವರ್ಷ ತಮಿಳು ಚಿತ್ರಗಳಲ್ಲಿ ದುಡಿದಿದ್ದರು. ಕಲಿಕೆ ಶಾಲೆಯಲ್ಲೇ ಆಗಬೇಕೆಂಬುದು ನನ್ನ ವಾದವಲ್ಲ, ಆಗಲೇಬೇಕು ಎಂಬುದಷ್ಟೇ ವಾದ.

ಇದಕ್ಕಿಂತ ಗಂಭೀರವಾದ ಆಕ್ಷೇಪಣೆ ಎರಡಿವೆ. ತರಬೇತಿ ನಟನನ್ನು ಕೆಡಿಸುತ್ತದೆ, ಎಲ್ಲರ ಮೇಲೂ ಒಂದೇ ಅಚ್ಚು ಒತ್ತುತ್ತದೆ ಎಂಬುದು ಮೊದಲನೆಯದು. ಇದರಲ್ಲಿ ಸತ್ಯವಿದೆ. ಮಾತಿನ ಪ್ರತಿ ಪದಕ್ಕೂ ಒತ್ತು ಕೊಟ್ಟು, ಇಲ್ಲದ ಗಾಂಭೀರ್ಯದಿಂದ ಕತ್ತು ತಿರುಗಿಸುವ ರಂಗಶಾಲೆಯ ನಟರನ್ನು ನಾವೆಲ್ಲ ನೋಡಿದ್ದೇವೆ. ಕ್ಯಾಮೆರಾದ ಮುಂದೆ ಅದು ಸಹಿಸಲಾಗದು. ಆದರೆ ಇದು ಕೆಟ್ಟ ಕಲಿಕೆಯ ವಿರುದ್ಧದ ವಾದ, ಅಥವಾ ಅರ್ಧಕ್ಕೆ ನಿಂತ ಕಲಿಕೆಯ ವಿರುದ್ಧದ್ದು. ‘ಚೋಮನ ದುಡಿ’ಯ ಎಂ.ವಿ. ವಾಸುದೇವರಾವ್ ರಂಗಭೂಮಿಯಿಂದ ಬಂದವರು. ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಸಂಚಾರಿ ವಿಜಯ್ ತಾವು ಕಲಿತ ತಂಡದ ಹೆಸರನ್ನೇ ತಮ್ಮ ಹೆಸರಾಗಿ ಹೊತ್ತವರು. ಆ ಎರಡೂ ಅಭಿನಯಗಳಲ್ಲಿ ರಂಗದ ಗಡಸು ಎಲ್ಲಿದೆ? ಎಷ್ಟು ಬೇಕೋ ಅಷ್ಟನ್ನೇ ತೋರಿ ಉಳಿದದ್ದನ್ನು ಒಳಗಿಟ್ಟುಕೊಳ್ಳುವ ಹದವೂ ಕಲಿತೇ ಬಂದದ್ದು.

ಎರಡನೆಯ ಆಕ್ಷೇಪಣೆ ನನ್ನನ್ನು ಹೆಚ್ಚು ಕಾಡುತ್ತದೆ. ನೀವು ಎಷ್ಟೇ ಕಲಿಸಿ, ಕೊನೆಗೆ ಅವಕಾಶ ಸಿಗುವುದು ಮುಖಕ್ಕೆ, ಮನೆತನಕ್ಕೆ, ಹಣಕ್ಕೆ, ಪರಿಚಯಕ್ಕೆ. ಕಲಿತವರು ಕಾಯುತ್ತಾರೆ, ಕಲಿಯದವರು ನಾಯಕರಾಗುತ್ತಾರೆ. ಈ ದೂರನ್ನು ನಿರಾಕರಿಸಲು ನನ್ನಲ್ಲಿ ಮಾತಿಲ್ಲ. ಆದರೆ ಅದು ಉತ್ತರಿಸುತ್ತಿರುವುದು ಬೇರೊಂದು ಪ್ರಶ್ನೆಯನ್ನು. ನಟನೆ ಕಲಿಯಬಹುದಾದ ವಿದ್ಯೆಯೇ ಎಂಬುದು ಒಂದು ಪ್ರಶ್ನೆ, ಕಲಿತವನಿಗೆ ಮಾರುಕಟ್ಟೆ ಅನ್ನ ಕೊಡುತ್ತದೆಯೇ ಎಂಬುದು ಇನ್ನೊಂದು. ಎರಡನ್ನೂ ಬೆರೆಸಿದಾಗಲೇ ಅನಾಹುತ ಶುರುವಾಗುತ್ತದೆ. ಪ್ರತಿಭೆ ಹುಟ್ಟಿನಿಂದಲೇ ಇದೆ ಎಂದು ನಂಬಿದ ಹುಡುಗಿಗೆ ಕಲಿಯಲು ಏನೂ ಉಳಿದಿರುವುದಿಲ್ಲ. ಅವಳಿಗೆ ಬೇಕಾದದ್ದು ‘ಚಾನ್ಸ್’ ಒಂದೇ. ಬೇಕಾದದ್ದು ಚಾನ್ಸ್ ಮಾತ್ರ ಎಂದಾದಾಗ ಅದನ್ನು ಮಾರುವವರು ಬೀದಿ ಬೀದಿಯಲ್ಲಿ ಹುಟ್ಟಿಕೊಳ್ಳುತ್ತಾರೆ: ಸಾವಿರಾರು ರೂಪಾಯಿ ಪೋರ್ಟ್‌ಫೋಲಿಯೊ, ಆಡಿಷನ್ನಿಗೆ ನೋಂದಣಿ ಶುಲ್ಕ, ಪಾತ್ರಕ್ಕೆ ಮುಂಗಡ, ಮೂರು ತಿಂಗಳಲ್ಲಿ ತೆರೆಗೆ ತರುವ ಭರವಸೆ, ಮತ್ತು ಇವೆಲ್ಲಕ್ಕಿಂತ ಹೀನವಾದ ಬೇಡಿಕೆಗಳು. ಮಗಳಲ್ಲಿ ಪ್ರತಿಭೆ ಇದೆ, ಯಾರಾದರೂ ಗುರುತಿಸಬೇಕಷ್ಟೆ ಎಂದು ನಂಬಿದ ತಂದೆ ಹೊಲ ಅಡವಿಟ್ಟು ಕೊಡುವುದು ಈ ‘ಗುರುತಿಸುವಿಕೆ’ಗೆ. ಮೋಸಗಾರರನ್ನು ದೂರುವುದು ಸರಿ. ಅವರ ವ್ಯಾಪಾರಕ್ಕೆ ನೆಲ ಹದಮಾಡಿಕೊಟ್ಟದ್ದು ಸನ್ಮಾನದ ವೇದಿಕೆಗಳಿಂದ ನಾವು ಆಡುತ್ತ ಬಂದ ಆ ಮಾತು ಎಂಬುದನ್ನೂ ಒಪ್ಪಬೇಕು. ನಟನೆಯನ್ನು ದುಡಿಮೆಯೆಂದು ತಿಳಿದವರನ್ನು ಇಷ್ಟು ಸುಲಭವಾಗಿ ವಂಚಿಸಲಾಗದು. ಇಲ್ಲಿ ಏನು ಕಲಿಸುತ್ತೀರಿ, ಯಾರು ಕಲಿಸುತ್ತಾರೆ, ಎಷ್ಟು ಪ್ರಯೋಗಗಳಲ್ಲಿ ನಿಲ್ಲಿಸುತ್ತೀರಿ ಎಂದು ಅವರು ಕೇಳಿಯೇ ಕೇಳುತ್ತಾರೆ.

ಕಲಿಯುವುದಾದರೂ ಏನನ್ನು ಎಂದು ಕೇಳಿದರೆ ನಾನು ಪಟ್ಟಿಯನ್ನು ಚಿಕ್ಕದಾಗಿಡುತ್ತೇನೆ.

1. ನುಡಿ. ಕನ್ನಡದ ನಟರಿಗೆ ಇದೇ ಮೊದಲು. ಅಕಾರ ಹಕಾರ, ಲಕಾರ ಳಕಾರ, ಮಹಾಪ್ರಾಣಗಳು ನಾಲಗೆಯಲ್ಲಿ ಬೇಕೆಂದಾಗ ಸಿಗಬೇಕು, ಪಾತ್ರ ಬೇಡವೆಂದಾಗ ಬಿಡಲೂ ಬರಬೇಕು. ಧಾರವಾಡದ, ಕುಂದಾಪುರದ, ಕಲಬುರಗಿಯ ಮಾತನ್ನು ಹಾಸ್ಯಕ್ಕಲ್ಲದೆ ದುಃಖಕ್ಕೂ ಬಳಸಲು ಬರಬೇಕು. ಹಳಗನ್ನಡದ ಒಂದು ಪದ್ಯವನ್ನು ಉಸಿರು ಮುರಿಯದೆ, ಅರ್ಥ ಕೆಡದೆ ಓದುವುದು ಯಾವ ದುಬಾರಿ ಕಾರ್ಯಾಗಾರಕ್ಕೂ ಕಡಿಮೆಯಿಲ್ಲದ ವ್ಯಾಯಾಮ, ಅದಕ್ಕೆ ಶುಲ್ಕವೂ ಇಲ್ಲ.

2. ಮೈ. ಜಿಮ್ಮಿನಲ್ಲಿ ಬೆಳೆಸಿದ ಮೈ ನೋಟಕ್ಕೆ ಒದಗುತ್ತದೆ, ಪಾತ್ರಕ್ಕೆ ಒದಗುತ್ತದೆಂದು ಹೇಳಲಾಗದು. ಯಕ್ಷಗಾನ, ದೊಡ್ಡಾಟ, ಕಳರಿ, ಯೋಗ, ಯಾವುದಾದರೊಂದನ್ನು ವರ್ಷಗಟ್ಟಲೆ ಮಾಡಿದವರ ನಿಲುವಿನಲ್ಲೇ ಎಚ್ಚರ ಕಾಣುತ್ತದೆ.

3. ಓದು ಮತ್ತು ನೋಟ. ನಾಟಕವನ್ನು ಇಡಿಯಾಗಿ ಓದಿ ಒಳಗಿಟ್ಟುಕೊಳ್ಳುವುದನ್ನೂ ಸುತ್ತಲ ಜನರನ್ನು ಗಮನಿಸುವುದನ್ನೂ ರೂಢಿಸಿಕೊಳ್ಳಬೇಕು. ಧಾರಾವಾಹಿಯ ಸೆಟ್ಟಿನಲ್ಲಿ ಸಹಾಯಕರು ಪ್ರಾಂಪ್ಟ್ ಮಾಡಿದ ಮಾತನ್ನು ಹಿಂದೆಯೇ ಒಪ್ಪಿಸುವ ರೂಢಿ ಬೆಳೆದಿದೆ. ಹೊಟ್ಟೆಪಾಡಿಗೆ ಅದು ಅನಿವಾರ್ಯವಿರಬಹುದು, ಆದರೆ ಅದೊಂದನ್ನೇ ಮಾಡುತ್ತ ಐದು ವರ್ಷ ಕಳೆದವರಲ್ಲಿ ಒಂದು ಇಡೀ ನಾಟಕವನ್ನು ಮನಸ್ಸಿನಲ್ಲಿ ಹೊರುವ ಶಕ್ತಿ ಕುಂದುತ್ತದೆ.

4. ಜೀವನೋಪಾಯ. ಇದನ್ನು ತಯಾರಿಯ ಭಾಗವೆಂದು ಯಾರೂ ಹೇಳುವುದಿಲ್ಲ, ಹೇಳಲೇಬೇಕು. ಮೊದಲ ವರ್ಷಗಳಲ್ಲಿ ನಟನೆ ಸಾಕುವುದಿಲ್ಲ. ಬೆಳಕು, ಪ್ರಸಾಧನ, ಡಬ್ಬಿಂಗ್, ಮಕ್ಕಳಿಗೆ ನಾಟಕ ಪಾಠ ಇವುಗಳಲ್ಲಿ ಒಂದರಲ್ಲಾದರೂ ಕೈ ಪಳಗಿದವರು ಕೆಟ್ಟ ಪಾತ್ರಕ್ಕೂ ಕೆಟ್ಟ ಷರತ್ತಿಗೂ ಇಲ್ಲ ಎನ್ನಬಲ್ಲರು.

ನಾಲ್ಕನೆಯದು ನಮ್ಮನ್ನು ಹುಟ್ಟುಪ್ರತಿಭೆಯ ವಾದ ಮರೆಮಾಚಿರುವ ನಿಜವಾದ ಪ್ರಶ್ನೆಗೆ ತರುತ್ತದೆ. ಕಲಿಯಲು ಕಾಲ ಬೇಕು, ಆ ಕಾಲದಲ್ಲಿ ಊಟ ಬೇಕು. ಹಳೆಯ ಕಂಪನಿ ಹುಡುಗನಿಂದ ಕಠೋರವಾಗಿ ದುಡಿಸಿಕೊಳ್ಳುತ್ತಿತ್ತು, ಆದರೆ ಊಟ ಹಾಕಿ ಕಲಿಸುತ್ತಿತ್ತು. ಮುತ್ತುರಾಜನಂಥ ಬಡ ಹುಡುಗ ಅಲ್ಲಿ ಬೆಳೆಯಲು ಸಾಧ್ಯವಾದದ್ದು ಹಾಗೆ. ಆ ವ್ಯವಸ್ಥೆ ಕುಸಿದ ಮೇಲೆ ಅದರ ಜಾಗವನ್ನು ತುಂಬಲು ನಡೆದ ಪ್ರಯತ್ನಗಳು ಬೆರಳೆಣಿಕೆಯವು. ಹೆಗ್ಗೋಡಿನ ನೀನಾಸಂ 1980ರಲ್ಲಿ ಒಂದು ವರ್ಷದ ರಂಗಶಿಕ್ಷಣ ಆರಂಭಿಸಿತು, 1985ರಲ್ಲಿ ತಿರುಗಾಟವನ್ನು ಕಟ್ಟಿ ಕಲಿತವರಿಗೆ ಊರೂರು ಸುತ್ತಿ ಸಂಬಳಕ್ಕೆ ನಟಿಸುವ ದಾರಿ ಮಾಡಿತು. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಮೈಸೂರಿನ ರಂಗಾಯಣ ಹುಟ್ಟಿತು, ಈಗ ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲೂ ಇದೆ. ಸತೀಶ್ ನೀನಾಸಂ, ಅಚ್ಯುತ್ ಕುಮಾರ್ ಅವರಂಥ ನಟರು ಚಿತ್ರರಂಗಕ್ಕೆ ಬಂದದ್ದು ಇಂಥ ದಾರಿಯಲ್ಲೇ. ಆದರೆ ಪ್ರತಿ ವರ್ಷ ಈ ಬಾಗಿಲುಗಳ ಒಳಗೆ ಹೋಗಬಲ್ಲವರ ಸಂಖ್ಯೆ ಬಹಳ ಚಿಕ್ಕದು. ಉಳಿದವರು, ಅಂದರೆ ರಾಯಚೂರಿನ ಕೂಲಿಯ ಮಗ, ಹಾಸನದ ಅಂಗಡಿಯವಳ ಮಗಳು, ಒಂದು ವರ್ಷ ಸಂಪಾದನೆಯಿಲ್ಲದೆ ಕಲಿಯುವ ಐಷಾರಾಮವಿಲ್ಲದವರು. ಅವರಲ್ಲಿ ಒಬ್ಬರೂ ಮುಂದೆ ಬರದಿದ್ದಾಗ ‘ಅವರಲ್ಲಿ ಹುಟ್ಟುಪ್ರತಿಭೆ ಇರಲಿಲ್ಲ’ ಎಂದು ಹೇಳಿ ಕೈತೊಳೆದುಕೊಳ್ಳುವುದು ನಮಗೆ ತೀರ ಸುಲಭವಾಗಿದೆ. ರಂಗಮಂದಿರದ ಕಟ್ಟಡಗಳಿಗೆ ಹಣ ಹೊಂದಿಸುವ ಸರ್ಕಾರ, ಪ್ರತಿ ಜಿಲ್ಲೆಯಿಂದ ವರ್ಷಕ್ಕೆ ಹತ್ತು ಮಂದಿಗೆ ಊಟ, ವಸತಿ, ಒಂದಿಷ್ಟು ಕೈಖರ್ಚು ಕೊಟ್ಟು ಕಲಿಸಲು ಹೊಂದಿಸಲಾರದೆ? ಚಿತ್ರಗಳ ಮುಹೂರ್ತಕ್ಕೂ ಜಾಹೀರಾತಿಗೂ ಧಾರಾಳವಾಗಿ ಸುರಿಯುವ ಉದ್ಯಮ, ತನಗೆ ನಟರನ್ನು ಒದಗಿಸುವ ಈ ಕಲಿಕೆಗೆ ಪಾಲು ಕೊಡಬಾರದೆ? ನೀನಾಸಂನ ಮಾದರಿ ನಲವತ್ತಕ್ಕೂ ಹೆಚ್ಚು ವರ್ಷಗಳಿಂದ ಕಣ್ಣೆದುರಿಗಿದೆ, ಅದನ್ನು ಬಳ್ಳಾರಿಗೋ ಬೀದರಿಗೋ ಒಯ್ಯಲು ಬೇಕಾದ ಅನುಭವ ಕನ್ನಡ ರಂಗಭೂಮಿಯವರ ಬಳಿ ಈಗಾಗಲೇ ಇದೆ.